ಮಾವನ ಖರ್ಜೂರದ ಗರಿ

ನನ್ನ ಮಾವ ಸುವೈದಾನ್ ಅವರ ಪಿಕಪ್‌ನಲ್ಲಿ ಸ್ಪೇರ್ ಟೈರ್ ಇಲ್ಲದ ದಿನ ಇರಬಹುದು, ಖರ್ಜೂರದ ಗರಿ ಇಲ್ಲದ ದಿನವಿಲ್ಲ. ಗಾಡಿ ಮರಳಿನಲ್ಲಿ ಹೂತುಹೋದರೆ ಬೇರೆಯವರು ತೋಡಿ ಎತ್ತಿಕೊಂಡು ತಮ್ಮ ದಾರಿ ಹಿಡಿಯುತ್ತಾರೆ. ಇವರು ಮಾತ್ರ ವಾಪಸು ನಡೆದು ಹೋಗಿ, ಗುಂಡಿ ಮುಚ್ಚಿ, ಗರಿಯಿಂದ ಗುಡಿಸಿ, ಅಲ್ಲಿ ಏನೂ ನಡೆದೇ ಇಲ್ಲವೆಂಬಂತೆ ಮಾಡಿಯೇ ಹೊರಡುವುದು. ಒಮಾನಿನ ಈ ವಹೀಬಾ ಮರಳುಗಾಡಿನಲ್ಲಿ ಚಕ್ರದ ಗುರುತು ನೋಡಿ ಇಂಥವರ ಗಾಡಿ ಎಂದು ಮಕ್ಕಳೂ ಹೇಳುತ್ತವೆ. ಹೂತ ಗುರುತು ಸಿಕ್ಕಿತೋ, ಸಂಜೆಯೊಳಗೆ ಎಲ್ಲ ಡೇರೆಗಳಲ್ಲೂ ಅದೇ ಮಾತು.

ಈಚೆಗೆ ಗಾಡಿ ಹೂತುಕೊಳ್ಳುವುದು ಹೆಚ್ಚಾಗಿತ್ತು. ಅಲ್ಲೊಂದು ಇಲ್ಲೊಂದು ಗುಂಡಿ ನನ್ನ ಗಂಡ ಮತರ್ ಕಣ್ಣಿಗೂ ಬಿತ್ತು. ಅವನು ಮುಖಕ್ಕೆ ಹೊಡೆದಂತೆ ಹೇಳಿಬಿಟ್ಟ.

"ಅಪ್ಪಾ, ಇನ್ನೊಂದ್ಸಲ ಹೂತಿದ್ದು ಕಂಡ್ರೆ ಕೀ ನನ್ ಕೈಗೆ ಕೊಡ್ಬೇಕು. ಆಮೇಲೆ ನೀವು ಡೇರೇಲಿ ಕೂತು ಆರಾಮಾಗಿ ಕಾಫಿ ಕುಡೀರಿ."

ಮಾವ ಕೀಗೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡರು. ಮೀಸೆ ಮೂಡುವ ಮೊದಲೇ ಸ್ಟಿಯರಿಂಗ್ ಹಿಡಿದ ಮನುಷ್ಯ. ಆ ಕೀ ಹೋದರೆ ಅವರಿಗೆ ಉಳಿಯುವುದೇನು?

ಹೀಗಿರುವಾಗ ನನ್ನ ದವಡೆ ಹಲ್ಲು ಕೆಟ್ಟಿತು. ಮತರ್ ಇನ್ನೊಂದು ಗಾಡಿಯಲ್ಲಿ ಒಂಟೆ ಸಂತೆಗೆ ಹೋಗಿದ್ದ. ದೊಡ್ಡ ದಿಬ್ಬದಾಚೆಯ ಆಸ್ಪತ್ರೆಯಲ್ಲಿ ಹಲ್ಲಿನ ಡಾಕ್ಟರ್ ಮಧ್ಯಾಹ್ನದ ನಮಾಜಿನವರೆಗೆ ಮಾತ್ರ ಇರುತ್ತಾರೆ.

"ಮಾವ, ನಾನೇ ಓಡಿಸ್ಲಾ?"

"ಯಾಕೆ, ನಾನಿನ್ನೂ ಬದುಕಿದೀನಲ್ಲ!"

ಹೊರಟೆವು. ಮರಳಿನಲ್ಲಿ ಹೂತುಹೋಗದಿರಲೆಂದು ಟೈರಿನ ಗಾಳಿ ಇಳಿಸಿದ್ದೇನೋ ಸರಿಯಾಗಿಯೇ ಇಳಿಸಿದರು. ಆದರೆ ದಾರಿಯಲ್ಲಿ ಸಿಕ್ಕ ಡೇರೆಗೆಲ್ಲ ಗಾಡಿ ತಿರುಗಿಸಿದರೆ ನಾನೇನು ಮಾಡಲಿ? ಕುಳಿತು ಕಾಫಿ, ಕಾಫಿಗೆ ಖರ್ಜೂರ. ಬುರ್ಖಾದ ಕೆಳಗೆ ಊದಿದ ಕೆನ್ನೆ ಯಾರಿಗೂ ಕಾಣದು, ಬೇಡವೆಂದರೆ ಮನೆಯವರಿಗೆ ಅವಮಾನ. ಆ ಜಿಗುಟು ಖರ್ಜೂರವನ್ನು ಅಗಿಯುವಾಗ ಕಣ್ಣಲ್ಲಿ ನೀರು ಬಂತು. ಮಾವ ಸಾಕೆಂದು ಲೋಟ ಅಲ್ಲಾಡಿಸಲೇ ಇಲ್ಲ. ಎಲ್ಲ ಕಡೆಯೂ ಒಂದೇ ಪ್ರಶ್ನೆ: "ಗಾಳಿ ದೊಡ್ಡ ದಿಬ್ಬಾನ ಯಾವ್ ಕಡೆ ತಳ್ಳಿದೆ? ಹತ್ತೋಕೆ ಎಲ್ಲಿ ಗಟ್ಟಿ ಇದೆ?" ನಿಮ್ಮ ದಿಬ್ಬಕ್ಕೆ ಬೆಂಕಿ ಬೀಳಲಿ ಎಂದು ಮನಸ್ಸಿನಲ್ಲೇ ಶಪಿಸಿದೆ.

ದೊಡ್ಡ ದಿಬ್ಬದ ಬುಡ ಮುಟ್ಟಿದಾಗ ಬಿಸಿಲು ನೆತ್ತಿಗೇರಿತ್ತು. ಒಂದು ಸಲ ಅರ್ಧ ಏರಿ ಹಿಂದಕ್ಕೆ ಜಾರಿದೆವು. ಮತ್ತೊಮ್ಮೆ ಗಾಡಿ ಪಕ್ಕಕ್ಕೆ ವಾಲಿತು.

"ನೇರ ಹಿಂದಕ್ಕೆ ಬಿಡಿ ಮಾವ! ಅಡ್ಡ ತಿರುಗಿಸಿದ್ರೆ ಉರುಳ್ತೀವಿ!"

"ನಂಗೇ ಹೇಳ್ಕೊಡ್ತೀಯಾ? ಬಾಯಿ ಮುಚ್ಕೊಂಡ್ ಕೂತ್ಕೋ."

"ಬಾಯಿ ಮುಚ್ಚಿದ್ರೇ ನೋವು ಜಾಸ್ತಿ!"

ಈ ಸಲ ರೊಯ್ಯೆಂದು ಏರಿದರು. ದಿಬ್ಬದ ನೆತ್ತಿಯಲ್ಲಿ ಆಕ್ಸಿಲರೇಟರ್‌ನಿಂದ ಕಾಲು ತೆಗೆಯಬೇಕಾದ ಕಡೆ ತೆಗೆಯಲಿಲ್ಲ, ಇನ್ನೂ ಏರು ಇದೆ ಎಂದುಕೊಂಡರೋ ಏನೋ. ದಢಕ್ಕನೆ ಗಾಡಿಯ ಹೊಟ್ಟೆ ಮರಳಿನ ಮೇಲೆ ಕೂತಿತು. ಹಲ್ಲಿನ ನೋವು ನೆತ್ತಿಗೆ ಹೊಡೆಯಿತು. ಇಬ್ಬರೂ ಕೈಯಲ್ಲೇ ತೋಡಿದೆವು, ಚಕ್ರದಡಿ ಚಾಪೆ ತುರುಕಿದೆವು, ಹೇಗೋ ಗಾಡಿ ಆಚೆ ಇಳಿಯಿತು. ಅಲ್ಲಿಗೆ ಮುಗಿಯಿತಲ್ಲ ಎಂದುಕೊಂಡರೆ ಮಾವ ಗರಿ ಎತ್ತಿಕೊಂಡು ಮತ್ತೆ ಮೇಲಕ್ಕೆ ಹೊರಟರು.

"ಡಾಕ್ಟರ್ ಹೊರಟೋಗ್ತಾರೆ ಮಾವ! ನಿಮ್ ಮರ್ಯಾದೆಗೆ ನನ್ ಹಲ್ಲು ಬಲಿಯಾಗ್ಬೇಕಾ?"

"ಹೋಗ್ಲಿ ಬಿಡು, ಹಲ್ಲೇನು ಓಡಿ ಹೋಗಲ್ಲ."

ಕೈಯಿಂದ ಗರಿ ಕಿತ್ತುಕೊಳ್ಳಲೆಂದೇ ಹಿಂದೆ ಹತ್ತಿದೆ. ಮಾವ ಬಗ್ಗಿ ಒಂದೇ ಸಮನೆ ಗುಡಿಸುತ್ತಿದ್ದರು. ಗುಡಿಸುತ್ತಿದ್ದದ್ದು ಯಾರೂ ತುಳಿಯದ ಮರಳನ್ನು. ಗುಂಡಿ ಅವರ ಪಕ್ಕದಲ್ಲೇ ಬಾಯಿ ತೆರೆದುಕೊಂಡು ಬಿದ್ದಿತ್ತು.

"ಹೇಗಿದೆ ನೋಡು. ಏನಾದ್ರೂ ಕಾಣುತ್ತಾ?"

ಡೇರೆ ಡೇರೆಯಲ್ಲೂ ದಿಬ್ಬದ ಸುದ್ದಿ ಯಾಕೆ ಕೇಳಿದರು, ಮತರ್‌ಗೆ ಗುಂಡಿಗಳು ಹೇಗೆ ಸಿಕ್ಕವು, ಎಲ್ಲ ಒಟ್ಟಿಗೇ ಅರ್ಥವಾಯಿತು.

"ಏನೂ ಕಾಣಲ್ಲ ಮಾವ. ಇಲ್ಲಿ ಒಂಚೂರು ಉಳ್ದಿದೆ, ನಾನು ಮಾಡ್ತೀನಿ, ಕೊಡಿ."

ಗುಂಡಿ ಮುಚ್ಚಿ ಗುಡಿಸಿದೆ. ಮಾವ ನಿಂತು ಆ ಸದ್ದು ಕೇಳಿಸಿಕೊಂಡರು. ಎಷ್ಟು ಹೊತ್ತು ಗುಡಿಸಿದೆನೆಂಬುದು ಅವರಿಗೆ ತಿಳಿಯದೆ ಇರುತ್ತದೆಯೆ? ಕೆಳಗಿಳಿದ ಮೇಲೆ ಕೊರಳಿನ ದಾರ ಬಿಚ್ಚಿ ನನ್ನ ಕೈಯಲ್ಲಿಟ್ಟರು.

"ನಿನ್ ಹಲ್ಲುನೋವಿನ ಗೋಳು ಕೇಳಕ್ಕಾಗಲ್ಲ. ಬೇಗ ಓಡ್ಸು ಹೋಗು," ಎಂದು ಗದರಿದರು.

ಡಾಕ್ಟರ್ ಹೊರಟುಹೋಗಿದ್ದರು. ನರ್ಸ್ ಕೊಟ್ಟ ಮಾತ್ರೆ ನುಂಗಿ ವಾಪಸು ಬಂದದ್ದಷ್ಟೇ ಲಾಭ. ದಾರಿಯುದ್ದಕ್ಕೂ ಮಾವ ನನ್ನ ಗೇರಿಗೆ, ನನ್ನ ಬ್ರೇಕಿಗೆ, ನನ್ನ ತಿರುವಿಗೆ ತಪ್ಪು ಹುಡುಕಿದರು. ಕಣ್ಣು ಸರಿಯಾಗಿ ಕಾಣದಿದ್ದರೂ ನಾಲಗೆ ಚುರುಕಾಗಿಯೇ ಇತ್ತು.

ನಮ್ಮ ಡೇರೆಗೆ ಮುಂಚೆ ಸಿಗುವ ಕೊನೆಯ ದಿಬ್ಬದ ಮರೆಯಲ್ಲಿ, ಬನ್ನಿ ಮರದ ಬಳಿ ಗಾಡಿ ನಿಲ್ಲಿಸಿ ಕೀಯ ದಾರವನ್ನು ಅವರ ಕೈಗೆ ಕೊಟ್ಟೆ. ಅಲ್ಲಿಂದ ಮುಂದೆ ನೆಲ ಅಂಗೈಯಷ್ಟು ಸಪಾಟು. ಇಬ್ಬರೂ ಇಳಿದು ಸೀಟು ಬದಲಾಯಿಸಿದೆವು. ಮಾವ ಎಂಜಿನ್ ಚಾಲೂ ಮಾಡಿದರು.

"ತಡೀರಿ ಮಾವ," ಎಂದೆ. ಗರಿ ತೆಗೆದುಕೊಂಡು ಗಾಡಿಯ ಆ ಬದಿಯಿಂದ ಈ ಬದಿಗೆ ನಮ್ಮಿಬ್ಬರ ಹೆಜ್ಜೆಗಳನ್ನೂ ಒಂದೂ ಬಿಡದೆ ಗುಡಿಸಿ ಬಂದು ಕುಳಿತೆ.