ಇಸ್ತ್ರಿಯವರ ಜಪಾನಿ ಅಕ್ಷರ

ಬೆಳಿಗ್ಗೆ ಇಸ್ತ್ರಿ ಪೆಟ್ಟಿಗೆ ಕಾಯುವಷ್ಟರಲ್ಲಿ ನಮ್ಮ ಬೀದಿಯ ಇಸ್ತ್ರಿಯವರು ಬೆರಳನ್ನು ನೀರಿಗೆ ಅದ್ದಿ, ಮೇಜಿಗೆ ಹಾಸಿದ ಹೊದಿಕೆಯ ಮೇಲೆ ಕಾಂಜಿ ಎಂಬ ಜಪಾನಿ ಚಿತ್ರಾಕ್ಷರವೊಂದನ್ನು ಬರೆಯುತ್ತಾರೆ. ನನ್ನ ಪ್ರಾರ್ಥನೆ ಒಂದು ದಿನ ತಪ್ಪೀತು, ಅವರ ಅಕ್ಷರ ತಪ್ಪದು. ಬರೆದದ್ದು ಆರಿದ ಮೇಲೆ ಪುಸ್ತಕ ನೋಡದೆ ಮತ್ತೆ ಬರೆಯುತ್ತಾರೆ. "ಕಣ್ಣೆದುರಿಗಿದ್ರೆ ಯಾರಿಗಾದ್ರೂ ಬರುತ್ತೆ ತಾಯಿ, ಮಾಯವಾದ ಮೇಲೂ ಬಂದ್ರೆ ಅದು ನಮ್ಮದು" ಎನ್ನುತ್ತಾರೆ. ಕಲಿತ ಅಕ್ಷರಗಳನ್ನು ಬಟ್ಟೆಯಂತೆಯೇ ಗಂಟು ಕಟ್ಟಿದ್ದಾರೆ: ಜಾರಿಕೊಳ್ಳುವವು ದಿನಾ ಬಿಚ್ಚಿ ಬರೆಯುವ ದಿನದ ಗಂಟು, ಸ್ವಲ್ಪ ನಿಂತವು ವಾರದ್ದು, ಬೇರೂರಿದವು ತಿಂಗಳದ್ದು. ಮರಕ್ಕೆ ಒರಗಿದ ಮನುಷ್ಯನ ಹಾಗಿರುವ ಅಕ್ಷರ ಎಂದರೆ ವಿಶ್ರಾಂತಿಯಂತೆ, ಅದು ತಿಂಗಳ ಗಂಟು ಸೇರಿದೆ. ಮೈತುಂಬ ಗೀಟುಗಳಿರುವ 'ಔಷಧಿ' ಮಾತ್ರ ದಿನದ ಗಂಟು ಬಿಟ್ಟು ಏಳುತ್ತಿಲ್ಲ; ಅದನ್ನು ಮುನಿಸಿಕೊಂಡ ಸೋದರತ್ತೆಯಂತೆ ರಮಿಸುತ್ತಾರೆ. ಅಂಗಿಗೆ ನೀರು ಚಿಮುಕಿಸುವಾಗಲೂ ಅವರ ಕೈ ಗೀಟಿನ ಕ್ರಮ ಬಿಡುವುದಿಲ್ಲ. "ಸಕ್ಕರೆ ತನ್ನಿ ಅಂದ್ರೆ ಉಪ್ಪು ತರ್ತಾರೆ, ಇವರಿಗೆ ಜಪಾನು ಬೇಕಂತೆ!" ಎಂದು ಹೆಂಡತಿ ಹಂಗಿಸುತ್ತಾರೆ, ಆದರೆ ತಾವೇ ಪುಸ್ತಕ ಹಿಡಿದು ಪಾಠ ಒಪ್ಪಿಸಿಕೊಳ್ಳುತ್ತಾರೆ. ಮಗಳನ್ನು ಕೊಟ್ಟಿರುವುದು ಜಪಾನಿನವರ ಮನೆಗೆ. ಗಂಟಲಿನ ಆಪರೇಷನ್ನಿನಲ್ಲಿ ಬೀಗರ ದನಿ ಹೋಯಿತು. ಈಗ ಅವರದೆಲ್ಲ ಹಲಗೆಯ ಮೇಲೆ ಬರೆದು ತೋರಿಸುವ ಮಾತು. ಬರುವ ತಿಂಗಳು ಅವರು ಇಲ್ಲಿಗೇ ಬರುತ್ತಾರೆ. ನಿನ್ನೆ ಮಗಳು ಫೋನಿನಲ್ಲಿ, "ಅಪ್ಪಾ, ಯಾಕಿಷ್ಟು ಕಷ್ಟ? ಮಾವ ಬರೆದದ್ದನ್ನ ಓದಿ ಕನ್ನಡದಲ್ಲಿ ಹೇಳೋ ಫೋನ್ ತಂದ್ಕೊಡ್ತೀನಿ" ಎಂದಳು. ಇಸ್ತ್ರಿಯವರು ನಕ್ಕರು. "ಬೇಡ ಕಣಮ್ಮ. ಬರೆದು ತಲೆ ಎತ್ತಿದಾಗ ಬೀಗರಿಗೆ ಫೋನಲ್ಲ, ನನ್ನ ಮುಖ ಕಾಣ್ಬೇಕು. ತಪ್ಪು ಓದಿದ್ರೆ ನಗ್ಲಿ ಬಿಡು."