ಕಾಲ ಮೇಲೆ ಮಲಗಿಸಿ ಕುಡಿಸಿದ ಹಾಲು

ಮೂರು ಅಳಿಲು ಮರಿಗಳ ಸಾವಿಗೆ ಒಂದು ದನದ ದವಾಖಾನೆ ಹೊಣೆ. ಅದರ ಡಾಕ್ಟರರು ಹೊಣೆ. ಅಂಗಳದ ಬೇವು ಕಡಿಯಲು ರುಜು ಹಾಕಿದ ಕೈ ಹೊಣೆ. ಇಲಾಖೆಯವರೇ, ಗೂಡು ಇದೆಯೇ ಎಂದು ಒಮ್ಮೆಯೂ ತಲೆಯೆತ್ತಿ ನೋಡದೆ ನೀವು ಮರ ಉರುಳಿಸಿದಿರಿ. ಅದರಡಿಯಿಂದ ಬದುಕಿ ಬಂದ ಜೀವಗಳನ್ನು ಉಳಿಸಬಲ್ಲ ಒಂದು ಮಾತು ನಿಮ್ಮ ದವಾಖಾನೆಯೊಳಗೇ ಇತ್ತು, ಅದನ್ನು ಹೇಳಲಿಲ್ಲ. ಆ ಊರಿನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಹೋಗುವ ಹಾದಿಯಲ್ಲಿದೆ ಎಂದರೆ ಸಾಕು, ಅರಿಯಬೇಕಾದವರು ಅರಿಯುತ್ತಾರೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಗುಲಬರ್ಗಾದಲ್ಲಿ ಎಂ.ಎ. ಓದುತ್ತಿದ್ದ ನಾನು ರಜೆಗೆಂದು ಕಲ್ಯಾಣದ ಮನೆಗೆ ಹೊರಟಿದ್ದೆ. ಹುಮನಾಬಾದಿನಲ್ಲಿ ಬಸ್ಸು ಬದಲಿಸಿ ಅರ್ಧ ಗಂಟೆಯೂ ಆಗಿರಲಿಲ್ಲ, ಬಸ್ಸು ನಿಂತಿತು. ದವಾಖಾನೆಯ ಬೇವು ರಸ್ತೆಗೆ ಅಡ್ಡಲಾಗಿ ಬಿದ್ದಿತ್ತು. ಜೀಪಿಗೆ ನೆರಳಾಗಲೆಂದು ತಗಡಿನ ಶೆಡ್ಡು ಕಟ್ಟುತ್ತಾರಂತೆ. ಅಷ್ಟು ವರ್ಷ ಆ ಜೀಪು ಯಾವ ಮರದ ನೆರಳಿನಲ್ಲಿ ನಿಂತಿತ್ತೋ ಅದೇ ಮರವನ್ನು ಅದಕ್ಕಾಗಿ ಕಡಿದಿದ್ದರು.

ಕೊಂಬೆ ಸವರುವವರ ಕಾಲ ಬಳಿ ನಾರು, ಹತ್ತಿ, ಚಿಂದಿಯ ಗೂಡೊಂದು ಹರಿದು ಬಿದ್ದಿತ್ತು. ಅದರೊಳಗೆ ಕಣ್ಣು ತೆರೆಯದ ಮೂರು ಅಳಿಲು ಮರಿಗಳು; ನಮ್ಮ ಕಡೆ ಇಣಚಿ ಎನ್ನುತ್ತೇವೆ. ಬೆನ್ನಿನ ಗೆರೆಗಳು ಆಗತಾನೇ ಮೂಡಿದ್ದವು. ಅವನ್ನು ಸೆರಗಿನಲ್ಲಿಟ್ಟುಕೊಂಡು ಡಾಕ್ಟರರ ಮೇಜಿನ ಮುಂದೆ ನಿಂತೆ. ಎಂ.ಎ. ಓದುವವಳೆಂದು ಹೇಳಿಕೊಂಡೆ.

"ಇವಕ್ಕ ಏನ್ ಕುಡಸಬೇಕ್ರಿ? ಹ್ಯಾಂಗ ಕುಡಸಬೇಕ್ರಿ?"

ಅವರು ರಜಿಸ್ಟರನ್ನು ನನ್ನತ್ತ ತಿರುಗಿಸಿದರು. "ಓದಾಕ ಬರ್ತದಲ್ಲ ತಂಗಿ, ನೋಡು. ಆಕಳ, ಎತ್ತ, ಎಮ್ಮಿ, ಕುರಿ, ಆಡ, ಕೋಳಿ, ನಾಯಿ. ಇದರಾಗ ಇಣಚಿ ಎಲ್ಯರ ಅದ ಏನು?" ಆಮೇಲೆ ಬಾಗಿಲಲ್ಲಿ ನಿಂತಿದ್ದ ಕಂಪೌಂಡರ್ ಕಡೆ ತಿರುಗಿದರು. "ನೋಡಪಾ, ಎಂ.ಎ. ಓದೋರು ಇಣಚಿ ಬಾಣಂತನ ಮಾಡಾಕತ್ತಾರ!"

ಕಂಪೌಂಡರ್ ನಗಲಿಲ್ಲ. ಏನೋ ಹೇಳಲು ಬಾಯಿ ತೆರೆದವರು ಡಾಕ್ಟರರ ಮುಖ ನೋಡಿ ಸುಮ್ಮನಾದರು. ಅಷ್ಟರಲ್ಲಿ ಮರ ಸರಿಸಿದ್ದರು, ಬಸ್ಸಿನ ಹಾರನ್ ಕೂಗಿತು.

ಮನೆಯಲ್ಲಿ ನನ್ನ ಸೋದರತ್ತೆ ಇದ್ದಳು. ನಮ್ಮ ಓಣಿಯ ಎಳೆಗೂಸುಗಳಿಗೆಲ್ಲ ನೀರು ಹಾಕುವವಳು ಅವಳೇ. ಕಾಲು ಚಾಚಿ ಕುಳಿತು, ಕೂಸನ್ನು ಕಾಲ ಮೇಲೆ ಅಂಗಾತ ಮಲಗಿಸಿ, ಎಣ್ಣೆ ತಿಕ್ಕಿ, ಬಿಸಿನೀರು ಹಾಕಿ, ಕೆಂಡಕ್ಕೆ ಲೋಬಾನ ಉದುರಿಸಿ ಹೊಗೆ ಕೊಟ್ಟು, ಹಾಲು ಕುಡಿಸಿ ಮಲಗಿಸಿದಳೆಂದರೆ ಕೂಸು ಮಧ್ಯಾಹ್ನದವರೆಗೆ ಏಳುತ್ತಿರಲಿಲ್ಲ. ನನಗೂ ಮೊದಲ ನೀರು ಬಿದ್ದದ್ದು ಆ ಕಾಲುಗಳ ಮೇಲೆಯೇ. ಗಂಡ, ಮಕ್ಕಳು ಇಲ್ಲದ ಅವಳಿಗೆ ಓಣಿಯಲ್ಲಿದ್ದ ಮರ್ಯಾದೆಯೆಲ್ಲ "ಅಕ್ಕನ ಕೈಗುಣ ಛಲೋ" ಎಂಬ ಒಂದು ಮಾತಿನಿಂದ ಬಂದದ್ದು.

"ಕೂಸ ಯಾರದಾದ್ರೇನವ್ವಾ, ಹಸಿವಿ ಒಂದೇ" ಎಂದು ಅತ್ತೆ ಮರಿಗಳನ್ನು ಕಾಲ ಮೇಲೆ ಅಂಗಾತ ಮಲಗಿಸಿಕೊಂಡಳು. ಹತ್ತಿಯ ಬತ್ತಿಯನ್ನು ಆಕಳ ಹಾಲಿನಲ್ಲಿ ಅದ್ದಿ ಬಾಯಿಗೆ ಹಿಂಡಿದಳು. ಮರಿಗಳು ಮುಂಗಾಲಿನಿಂದ ಬತ್ತಿಯನ್ನು ಅಪ್ಪಿ ಕುಡಿದವು. ಮೂಗಿನ ತುದಿಯಲ್ಲಿ ಹಾಲಿನ ಗುಳ್ಳೆ ಬಂದಾಗ, ಹೊಟ್ಟೆ ತುಂಬಿತೆಂದು ನಾವಿಬ್ಬರೂ ನಕ್ಕೆವು. ಆ ನಗೆಯನ್ನು ನಾನು ಇಂದಿಗೂ ಕ್ಷಮಿಸಿಕೊಂಡಿಲ್ಲ.

ಮರುದಿನ ಮರಿಗಳ ಉಸಿರಿನಲ್ಲಿ ಸಣ್ಣ ಚಿಟಿಚಿಟಿ ಸದ್ದು ಕೇಳಿಸಿತು, ಹಸಿ ಕಟ್ಟಿಗೆ ಒಲೆಯಲ್ಲಿ ಮಾಡುವಂಥದ್ದು. ಒಂದೊಂದು ಉಸಿರಿಗೂ ಪಕ್ಕೆಗಳು ಒಳಗೆ ಸೇದಿಕೊಳ್ಳುತ್ತಿದ್ದವು. ಅತ್ತೆ ಕೂಸುಗಳ ನೆಗಡಿ ಬಲ್ಲವಳು. ಅಜವಾನದ ಗಂಟು ಬಿಸಿ ಮಾಡಿ ಎದೆಗೆ ಹಿಡಿದಳು. ಕೆಂಡಕ್ಕೆ ಲೋಬಾನ ಹಾಕಿ, ಮರಿಗಳಿಗೆ ಹೊಗೆ ತಾಗುವಂತೆ ಮೇಲೆ ಬುಟ್ಟಿ ಬೋರಲಿಟ್ಟಳು. ಬುಟ್ಟಿ ಎತ್ತಿದಾಗ ಒಂದು ಮರಿ ಬಾಯಿ ತೆರೆದುಕೊಂಡೇ ಸತ್ತಿತ್ತು. ಸಂಜೆಗೆ ಇನ್ನೊಂದು.

ಮೂರನೆಯದನ್ನು ಅರಿವೆಯಲ್ಲಿ ಸುತ್ತಿಕೊಂಡು ಮರುದಿನ ಬೆಳಗಿನ ಬಸ್ಸಿಗೆ ದವಾಖಾನೆಗೆ ಹೋದೆ. ಡಾಕ್ಟರರು ಇರಲಿಲ್ಲ. ಕಂಪೌಂಡರ್ ಮರಿಯನ್ನು ಕಿವಿಯ ಹತ್ತಿರ ಹಿಡಿದು ಆಲಿಸಿದರು.

"ಹಾಲು ಎದಿಗಿ ಇಳದದ. ಅಂಗಾತ ಮಲಗಿಸಿ ಕುಡಸಿದ್ರೇನು?"

"ಹೌದ್ರಿ."

"ಇದು ಮನಿಷಾನ ಕೂಸಲ್ಲ ತಂಗಿ. ಬೋರಲ ಇಟ್ಟು, ತಲಿ ಒಂದೀಟು ಮ್ಯಾಲ ಮಾಡಿ, ಒಂದೇ ಹನಿ ಕೊಡ್ರಿ. ಅದು ನುಂಗಿದ ಮ್ಯಾಲ ಇನ್ನೊಂದು. ಕುರಿಮರಿಗಿ ತಲಿ ಹಿಂದಕ ಬಗ್ಗಿಸಿ ಕುಡಸಿದ್ರೂ ಹಿಂಗೇ ಆಗ್ತದ. ಬೆಚ್ಚಗ ಇಡ್ರಿ. ಹೊಗಿ ಮಾತ್ರ ತಾಗಸಬ್ಯಾಡ್ರಿ."

"ಹೊಗಿನೂ ಹಾಕೀವ್ರಿ."

ಅವರು ಗುಳಿಗೆಯ ಚೂರೊಂದನ್ನು ಅರೆದು ನೀರಿನಲ್ಲಿ ಕಲಸಿ, ಕಡ್ಡಿಯ ತುದಿಯಿಂದ ಮರಿಯ ತುಟಿಗೆ ಸವರಿದರು. ನಾನು ಕೇಳಿದೆ: "ಮೊನ್ನೇ ಯಾಕ ಹೇಳಲಿಲ್ರಿ?"

"ಸಾಹೇಬರ ಮುಂದ ಹ್ಯಾಂಗ ಹೇಳಲಿ? ರಜಿಸ್ಟರದಾಗ ಇಲ್ಲದ್ದಕ್ಕ ಬಾಯಿ ಹಾಕಿದ್ರ ನನಗ ಮೆಮೊ ಬರ್ತದ."

ಅತ್ತೆ ಎರಡು ದಿನ ಆ ಮರಿಯನ್ನು ಕೆಳಗಿಡಲಿಲ್ಲ. ಬಿಸಿನೀರಿನ ಬಾಟಲಿಗೆ ಹಳೆಯ ಸೀರೆ ಸುತ್ತಿ, ಅದರ ಪಕ್ಕದಲ್ಲಿ ಅಂಗೈ ಮೇಲೆ ಬೋರಲು ಮಲಗಿಸಿಕೊಂಡು, ಒಂದು ಹನಿ ಕೊಟ್ಟು, ಗಂಟಲು ಅಲ್ಲಾಡುವವರೆಗೆ ಉಸಿರು ಹಿಡಿದು ಕಾಯುತ್ತಿದ್ದಳು. ಚಿಟಿಚಿಟಿ ಕಡಿಮೆಯಾಯಿತು. ಎರಡನೆಯ ದಿನ ಮಧ್ಯಾಹ್ನ ಎಡಗಣ್ಣು ಬಿರಿಯಿತು. ಹೊತ್ತು ಇಳಿಯುವ ಮುನ್ನ ಅದೂ ಸತ್ತಿತು. ಕಲಿತದ್ದು ಸರಿಯಾಗಿತ್ತು, ಕಲಿತಾಗ ತಡವಾಗಿತ್ತು.

ಮುಂದಿನ ವಾರ ಪಕ್ಕದ ಮನೆಯಾಕೆ ಮೊಮ್ಮಗುವನ್ನು ಎತ್ತಿಕೊಂಡು ಬಂದಳು. ಅತ್ತೆ ಚಾಚಿದ್ದ ಕಾಲನ್ನು ಮಡಚಿಕೊಂಡಳು.

"ನನ್ನ ಕೈ ಬ್ಯಾಡವ್ವಾ."

"ಯಾಕಕ್ಕಾ, ಮಣಕಾಲ ನೋಯಾಕತ್ತಾವೇನು? ಇಲ್ಲಾ, ನೀರ ಹಾಕಿದ ಮಾಮೂಲಿ ಕೊಟ್ಟಿಲ್ಲಂತ ಸಿಟ್ಟೇನು?"

ಆಕೆ ಹೋದ ಮೇಲೆ ನಾನು ವಾದಿಸಿದೆ: ಕೂಸುಗಳ ಮಾತು ಬೇರೆ, ಇಷ್ಟು ವರ್ಷ ನಿನ್ನ ಕಾಲ ಮೇಲೆ ಒಂದಕ್ಕಾದರೂ ಕೇಡಾಗಿದೆಯೇ? ಅತ್ತೆ ಕೈಗಳನ್ನು ನೋಡಿಕೊಳ್ಳುತ್ತ ಕೇಳಿದಳು:

"ಗೊತ್ತಿದ್ದವರು ಮೊದಲ ದಿನಾನ ಯಾಕ ಹೇಳಲಿಲ್ಲ? ನನ್ನ ಕೈಯಾಗೇ ಸಾಯಲಿ ಅಂತೇನು?"

ಓಣಿಯಲ್ಲಿ ಆಮೇಲೆ ಎಷ್ಟೋ ಕೂಸುಗಳು ಹುಟ್ಟಿದವು. ಅತ್ತೆ ಕಾಲು ಚಾಚಿ ಕೂರಲಿಲ್ಲ.

ಅಂಗಾತ ಮಲಗಿಸಿದವರು ನಾವು, ಹೊಗೆ ಹಾಕಿದವರು ನಾವು. ಅದನ್ನು ಮುಚ್ಚಿಡುವುದಿಲ್ಲ. ಆದರೆ ನಾವು ಕೇಳಿದ್ದೆವು. ಕೇಳಿದವರ ಅಜ್ಞಾನವೂ ಕೇಳಿಸಿಕೊಂಡವರ ಮೌನವೂ ಒಂದೇ ತೂಕದ ಅಪರಾಧಗಳೆಂದು ನಾನು ಒಪ್ಪಲಾರೆ.

ಆದ್ದರಿಂದ ಸಂಬಂಧಪಟ್ಟ ಇಲಾಖೆಯ ಅಧಿಕಾರಿಗಳಲ್ಲಿ ನನ್ನ ವಿನಂತಿ. ಗೂಡಿದ್ದ ಮರವನ್ನು ನೋಡದೆ ಕಡಿಸಿದ್ದೇಕೆ, ಕೇಳಿದ ಮಾತಿಗೆ ಉತ್ತರ ಕೊಡದಿದ್ದುದೇಕೆ ಎಂಬುದನ್ನು ದಯವಿಟ್ಟು ಲಿಖಿತವಾಗಿ ತಿಳಿಸಬೇಕು. ರಜಿಸ್ಟರಿನಲ್ಲಿ ಇಲ್ಲದ ಜೀವದ ಬಗ್ಗೆ ತಿಳಿದದ್ದನ್ನು ಹೇಳಿದ ನೌಕರನಿಗೆ ಮೆಮೊ ಕೊಡಲಾಗದು ಎಂದು ಆದೇಶ ಹೊರಡಿಸಬೇಕು. ಕಂಪೌಂಡರ್ ಹೇಳಿದ ಆ ನಾಲ್ಕು ಮಾತುಗಳನ್ನು ದವಾಖಾನೆಯ ಗೋಡೆಯ ಮೇಲೆ ಬರೆಸಬೇಕು. ಉತ್ತರವನ್ನು ಕಚೇರಿಯ ಭಾಷೆಯಲ್ಲಿ ಬರೆಯಬೇಡಿ. ಅತ್ತೆಗೆ ಓದು ಬರುವುದಿಲ್ಲ. ನಾನು ಓದಿ ಹೇಳಿದರೆ, ತಪ್ಪು ತನ್ನ ಕೈಯದಲ್ಲ ಎಂದು ಅವಳಿಗೆ ತಿಳಿಯುವಂತಿರಲಿ.