ಗೋಡೆಗೆ ಮುಖ ಮಾಡಿಸುತ್ತಿದ್ದ ಸುಶೀಲಕ್ಕ

ಸುಶೀಲಕ್ಕ ಕ್ರೆಡಿಟ್ ಕಾರ್ಡನ್ನು ಕೈಗೆತ್ತಿಕೊಂಡರೆ ಕೋಣೆಯಲ್ಲಿದ್ದವರೆಲ್ಲ ಗೋಡೆಗೆ ಮುಖ ಮಾಡಿ ನಿಲ್ಲಬೇಕಿತ್ತು. ಹೋಟೆಲಿನ ಭಟ್ಟರಿಗೂ ವಿನಾಯಿತಿಯಿಲ್ಲ, ಕಾರ್ಖಾನೆಯ ಮ್ಯಾನೇಜರಿಗೂ ಇಲ್ಲ.

"ಅಕ್ಕಾ, ನಾನೇನು ಕಳ್ಳನೇ?" ಎಂದು ಭಟ್ಟರು ಒಮ್ಮೆ ಕೇಳಿದರು.

"ಅಲ್ಲಂತ ಗೊತ್ತದ. ಹಂಗೇ ಇರ್ರಿ ಅಂತನ ತಿರುಗಸೂದು. ಗ್ವಾಡಿ ಕಡೆ ಮಾರಿ ಮಾಡ್ರಿ."

ಅಕ್ಕ ಧಾರವಾಡದವರು. ಗುಜರಾತಿನ ಬರೋಡಾದ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ಕೆಲಸ, ಅಲ್ಲೇ ಫತೇಗಂಜಿನಲ್ಲಿ ಒಂಟಿ ವಾಸ. ರೈಲು ಟಿಕೆಟ್ಟನ್ನು ಇಂಟರ್ನೆಟ್ಟಿನಲ್ಲಿ ಕೊಂಡರೆ ಕೊರಿಯರಿನಲ್ಲಿ ಮನೆಗೆ ಬರುತ್ತಿದ್ದ ಕಾಲ ಅದು. ನಮ್ಮ ಕನ್ನಡದವರಲ್ಲಿ ಕಾರ್ಡು, ಕಂಪ್ಯೂಟರು ಎರಡೂ ಇದ್ದದ್ದು ಅವರೊಬ್ಬರಲ್ಲೇ. ಊರಿಗೆ ಹೊರಟವರೆಲ್ಲ ಅವರ ಬಾಗಿಲು ತಟ್ಟುತ್ತಿದ್ದರು. ಕಾರ್ಡಿನ ಬೆನ್ನಿನ ಮೂರು ಅಂಕಿಗಳನ್ನು ಬಾಯಿಪಾಠ ಮಾಡಿ, ಬ್ಲೇಡಿನಿಂದ ಕೆರೆದುಹಾಕಿದ್ದರು. ಪರದೆಯ ಕೆಳಮೂಲೆಯಲ್ಲಿ ಬೀಗದ ಚಿತ್ರ ಕಾಣದಿದ್ದರೆ ಒಂದಕ್ಷರ ಒತ್ತುತ್ತಿರಲಿಲ್ಲ.

ನನಗೆ ಆ ಗೋಡೆ ಅವಮಾನವಾಗಿತ್ತು. ನಮ್ಮ ಮನೆಯಲ್ಲಿ ಹೆಬ್ಬೆಟ್ಟು ಬಿಟ್ಟು ಸಹಿ ಹಾಕಿದವನು ನಾನೇ ಮೊದಲಿಗ. ಮಂಡ್ಯದಲ್ಲಿ ಕೂಲಿಯವರ ಮಗನಾಗಿ ಓದಿ ಇಂಜಿನಿಯರಾದವನನ್ನು ಹೀಗೆ ನಿಲ್ಲಿಸುವುದೇ?

ನಾನು ಬರೋಡಾಕ್ಕೆ ಬಂದು ಎರಡು ತಿಂಗಳಾಗಿತ್ತು. ಮೈಸೂರಿನಲ್ಲಿ ನನ್ನ ಘಟಿಕೋತ್ಸವದ ದಿನ ಗೊತ್ತಾಯಿತು. ಅಕ್ಕ ಅಹಮದಾಬಾದಿನಲ್ಲಿ ತಮ್ಮ ಅಣ್ಣನ ಮನೆಗೆ ಹೋಗಿದ್ದರು. ಫೋನು ಮಾಡಿ ಟಿಕೆಟ್ಟಿಗಾಗಿ ಬೇಡಿಕೊಂಡೆ. ಕೊನೆಗೆ ಕಾರ್ಡಿನ ನಂಬರು ಹೇಳಿದರು, ಆ ಮೂರು ಅಂಕಿಯನ್ನೂ.

"ನಿಮ್ಮ ಅವ್ವ ಅಪ್ಪ ನೋಡೂ ದಿನ, ಅದಕ್ಕ ಕೊಟ್ಟೀನಿ. ನಿನ್ನ ಆಫೀಸಿನಾಗ ಮಾಡು. ಕೆಫೆದಾಗ ಬ್ಯಾಡ, ತಮ್ಮಾ. ಅಲ್ಲಿ ನೀ ಒತ್ತಿದ್ದೆಲ್ಲಾ ಬರಕೊಳ್ಳೂ ಕಳ್ಳ ಪ್ರೋಗ್ರಾಮ್ ಹಾಕಿರ್ತಾರ."

ಮರುದಿನ ಆಫೀಸಿಗೆ ಹೋದರೆ ಗೇಟಿಗೆ ಬೀಗ. ಉತ್ತರಾಯಣ. ನಮ್ಮೂರಲ್ಲಿ ಸಂಕ್ರಾಂತಿಯೆಂದರೆ ಎಳ್ಳು ಬೀರಿದರೆ ಮುಗಿಯಿತು. ಇಲ್ಲಿ ಊರಿಗೆ ಊರೇ ಮಾಳಿಗೆ ಹತ್ತಿ ಗಾಳಿಪಟ ಹಾರಿಸುತ್ತದೆಂದು ನನಗೆ ಗೊತ್ತಿರಲಿಲ್ಲ. ವಾಚ್‌ಮನ್ ಮೇಲಿನಿಂದಲೇ ಕೂಗಿದ: "ಸಾಹೇಬ್, ಆಜೇ ರಜಾ! ಕಾಲೇ ಪಣ್ ರಜಾ!"

ಇವತ್ತು, ನಾಳೆ ಎರಡು ದಿನ ಕಾದರೆ ಟಿಕೆಟ್ ಉಳಿಯುತ್ತದೆಯೇ? ಫತೇಗಂಜಿನ ಒಂದು ಕೆಫೆಯ ಷಟರು ಅರ್ಧ ತೆರೆದಿತ್ತು. ಬಗ್ಗಿ ಒಳಗೆ ಹೋದೆ. ಬೀಗದ ಚಿತ್ರ ನೋಡಿದೆ, ಇತ್ತು. ಅಷ್ಟು ಸಾಕೆನ್ನಿಸಿ ಅಲ್ಲೇ ಟಿಕೆಟ್ಟು ಕೊಂಡೆ.

ಘಟಿಕೋತ್ಸವ ಮುಗಿಸಿ ಬರುವಷ್ಟರಲ್ಲಿ ಯಾರೋ ಅವರ ಕಾರ್ಡಿನಲ್ಲಿ ಕ್ಯಾಮೆರಾ, ಮೊಬೈಲು, ವಿಮಾನದ ಟಿಕೆಟ್ಟು ಕೊಂಡಿದ್ದರು.

"ಎಲ್ಲಿ ಮಾಡಿದಿ?" ಅಕ್ಕ ಕೇಳಿದರು.

"ಆಫೀಸ್ನಲ್ಲೇ ಅಕ್ಕಾ. ಆಣೆಗೂ."

ನನ್ನೆದುರೇ ಬ್ಯಾಂಕಿಗೆ ಫೋನು ಮಾಡಿದರು. ನಂಬರನ್ನು ಯಾರಿಗಾದರೂ ಕೊಟ್ಟಿದ್ದಿರಾ ಎಂದು ಆ ಕಡೆಯವನು ಕೇಳಿರಬೇಕು. ಇಲ್ಲ ಎಂದಿದ್ದರೆ ಅವರು ನಷ್ಟದಿಂದ ಉಳಿಯುತ್ತಿದ್ದರೇನೋ. ನನ್ನ ಮುಖ ನೋಡುತ್ತಲೇ ಅಕ್ಕ, "ಹಾಂ, ದಿಯಾ ಥಾ" ಎಂದು ಒಪ್ಪಿಕೊಂಡರು. ನಷ್ಟವೆಲ್ಲ ಅವರ ತಲೆಗೇ ಬಂತು. ನಾನು ಅರ್ಧ ಕೊಡುತ್ತೇನೆಂದರೆ "ನೀ ಆಫೀಸಿನಾಗ ಮಾಡೀಯಲ್ಲಾ, ನಿನ್ನ ತಪ್ಪೇನು?" ಎಂದು ಬಾಯಿ ಮುಚ್ಚಿಸಿದರು. ಕಾರ್ಡು ಕತ್ತರಿಸಿ ಬಿಸಾಕಿದರು. ಆ ಬಾಗಿಲನ್ನು ಮತ್ತೆ ಯಾರೂ ತಟ್ಟಲಿಲ್ಲ. ನಾನು ಮಾತ್ರ ಬಾಯಿ ಬಿಡಲಿಲ್ಲ.

ಒಂದು ವರ್ಷದ ಮೇಲೆ ಅವರಿಗೆ ಸೂರತ್‌ಗೆ ವರ್ಗವಾಯಿತು. ಕೆಲಸದ ಮೇಲೆ ಅಲ್ಲಿಗೆ ಹೋದಾಗ ವಿಳಾಸ ಹುಡುಕಿ ಹೋದೆ. ಚಹಾ ಕೊಟ್ಟರು. ಅವ್ವ ಹೇಗಿದ್ದಾಳೆಂದು ಕೇಳಿದರು. ಆಗ ಕೆಫೆಯ ವಿಷಯ ಹೇಳಿಬಿಟ್ಟೆ.

"ಗೊತ್ತದ. ಬ್ಯಾಂಕಿನ ಕಾಗದದಾಗ ನಿನ್ನ ಟಿಕೆಟಿನ ತಾರೀಖು ಇತ್ತಲ್ಲೋ. ಉತ್ತರಾಯಣದಾಗ ಬರೋಡಾದಾಗ ಯಾವ ಆಫೀಸು ತಗದಿರ್ತದ?"

"ಮತ್ತೆ ಯಾಕೆ ಕೇಳ್ಲಿಲ್ಲ ಅಕ್ಕಾ?"

"ಕೇಳಿದ್ನಲ್ಲಾ. ನೀ ಆಣಿ ಮಾಡಿದಿ." ಕಪ್ಪು ಬಸಿಗಳನ್ನು ಒಂದರ ಮೇಲೊಂದು ಇಟ್ಟರು. "ಕಾರ್ಡು ಹೋತು, ಹೋಗಲಿ. ನೀನೂ ಹೋದಿ ನೋಡು."

ಕೆಳಗಿನ ಗೇಟಿನವರೆಗೂ ಬಂದರು. ರಿಕ್ಷಾದವನಿಗೆ ಸ್ಟೇಷನ್ನಿಗೆ ಬಿಡಲು ಹೇಳಿದ್ದೂ ಅವರೇ. ಹೊರಡುವವರಿಗೆಲ್ಲ "ಹೋಗಿ ಬಾ" ಎನ್ನುತ್ತಿದ್ದವರು, ನನಗೆ "ಹೋಗು" ಎಂದಷ್ಟೇ ಹೇಳಿ ಮೆಟ್ಟಿಲು ಹತ್ತಿದರು.